ಅಮ್ಮನಿಗೂ ‘ಲಾ’ ಅನ್ನುವ ಭಾಷೆ

ಹೋದ ವಾರ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹೊರಗೆ ವ್ಯಾಪಾರಿಯೊಬ್ಬ ಸ್ವೆಟರಿನ ಗಂಟು ಬಿಚ್ಚಿದ. ಚಳಿ ಇನ್ನೂ ಸರಿಯಾಗಿ ಶುರುವಾಗಿರಲಿಲ್ಲ. ಗಂಟು ಬಿಚ್ಚಿದ್ದೇ ತಡ, ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಉಣ್ಣೆ, ನುಸಿಗುಳಿಗೆ, ಅದರ ಹಿಂದೆ ಹಳೇ ಟ್ರಂಕಿನ ತುಕ್ಕು... ಯಳಂದೂರಿನ ಬಸ್ಸು ಬಂದು ನಿಂತಿತ್ತು. ನಾನು ಹತ್ತಲಿಲ್ಲ. ಮುಂದಿನದಕ್ಕೆ ಹೋದರಾಯಿತು ಅಂತ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ಹನೂರಿನಲ್ಲಿ ನನ್ನ ಪಕ್ಕದ ಕೋಣೆಯಲ್ಲಿದ್ದ ಟಿಬೆಟಿನ ಹೆಂಗಸು ನೆನಪಾಗಿದ್ದರು.

ನನ್ನೂರು ಹೊನ್ನೂರು. ಬಿ.ಎಡ್ ಮುಗಿಸಿದ ಮೇಲೆ ಹನೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಕೆಲಸ ಸಿಕ್ಕಿತು. ದಿನಾ ಓಡಾಡುವುದು ಕಷ್ಟ ಅಂತ ಅಪ್ಪನೇ ಬಂದು ಒಂದು ಕೋಣೆ ನೋಡಿಕೊಟ್ಟರು. ಒಂದೇ ಜಗುಲಿಗೆ ಎರಡು ಕೋಣೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಅವರು. ಒಡೆಯರಪಾಳ್ಯದ ಹತ್ತಿರ ಇರುವ ಟಿಬೆಟನ್ ಕ್ಯಾಂಪಿನವರು. ಗಂಡ ಕ್ಯಾಂಪಿನಲ್ಲಿ ಮುಸುಕಿನ ಜೋಳದ ಹೊಲ ನೋಡಿಕೊಂಡಿದ್ದರು, ಮಗಳು ಅಲ್ಲೇ ಶಾಲೆಗೆ ಹೋಗುತ್ತಿದ್ದಳು. ಇವರು ಹನೂರು ಬಸ್ ಸ್ಟ್ಯಾಂಡಿನ ಪಕ್ಕ ಪುಟ್ಟ ಅಂಗಡಿ ಇಟ್ಟು ಮಾದಪ್ಪನ ಬೆಟ್ಟಕ್ಕೆ ಹೋಗುವವರಿಗೆ ಸ್ವೆಟರು, ಟೋಪಿ, ಮಳೆಗಾಲದಲ್ಲಿ ಛತ್ರಿ ಮಾರುತ್ತಿದ್ದರು. ಭಾನುವಾರ ಕ್ಯಾಂಪಿಗೆ ಹೋದರೆ ಸೋಮವಾರ ಬೆಳಿಗ್ಗೆ ವಾಪಸ್ಸು.

ಮೊದಲ ದಿನವೇ ನನಗೆ ಅವರ ಮೇಲೆ ಸಿಟ್ಟು ಬಂತು. ನಾನಿನ್ನೂ ಹಾಸಿಗೆ ಸುರುಳಿ ಬಿಚ್ಚುತ್ತಿದ್ದೆ, ಬಾಗಿಲಲ್ಲಿ ನಿಂತು, “ಟೀಚರ್-ಲಾ, ನೀರು ಬಿಸಿ ಬೇಕಾ?” ಅಂದರು. ನಮ್ಮ ಕಡೆ ‘ಲಾ’ ಅನ್ನುವುದು ದನ ಕಾಯುವಾಗ ಜೊತೆಗಾರನಿಗೆ, ಇಲ್ಲ ಕಿರಿಯರಿಗೆ. ‘ಬಾಲಾ’, ‘ಹೂಂ ಕಣ್ಲಾ’. ಬಿ.ಎಡ್ ಮಾಡಿದ ಟೀಚರಿಗೆ ಲಾ? ನಾನು ಬೇಡ ಅಂದು ಮುಖ ತಿರುಗಿಸಿದೆ. ಅವರು ನಗುತ್ತಲೇ ಒಂದು ತಂಬಿಗೆ ಬಿಸಿನೀರು ಇಟ್ಟು ಹೋದರು.

ಆಮೇಲೆ ಗೊತ್ತಾಯಿತು. ಅವರ ಭಾಷೆಯಲ್ಲಿ ಹೆಸರಿನ ಕೊನೆಗೆ ‘ಲಾ’ ಹಚ್ಚಿದರೆ ಮರ್ಯಾದೆ. ನಮ್ಮ ‘ಅವರೇ’ ಇದ್ದ ಹಾಗೆ. ದೊಡ್ಡ ಲಾಮಾಗಳಿಗೂ ಲಾ, ಅಪ್ಪನಿಗೂ ಲಾ, ಹೆತ್ತ ತಾಯಿಗೂ ‘ಅಮಾ-ಲಾ’. “ಹಂಗಾದ್ರೆ ನಿಮ್ಮನ್ನ ನಾನೇನು ಅಂತ ಕರೀಲಿ?” ಅಂದೆ. “ಅಮಾಲಾ ಅನ್ನಿ” ಅಂದರು. ಅವತ್ತಿನಿಂದ ನನಗೂ, ಆ ಬೀದಿಗೂ ಅವರು ಅಮಾಲಾ.

ಅವರ ಕನ್ನಡ ಅಂಗಡಿಯಲ್ಲಿ ಕಲಿತ ಕನ್ನಡ. ಅವರ ಭಾಷೆಯ ಕ್ರಿಯಾಪದದಲ್ಲಿ ಗಂಡು-ಹೆಣ್ಣು ಎಂಬ ಭೇದವೇ ಇಲ್ಲ. ಹಾಗಾಗಿ ಬಸ್ಸು ಬಂತು, ಗಂಡ ಬಂತು, ಮಗಳು ಬಂತು, ಒಂದು ದಿನ ಹೆಡ್‌ಮಾಸ್ಟರೂ ಬಂತು. ಓನರ್ ಮನೆಯವರು ಬಿದ್ದು ಬಿದ್ದು ನಕ್ಕರು. ನಾನು ಒಂದು ಉಪಾಯ ಹೇಳಿಕೊಟ್ಟೆ: “ಬಂದನು, ಬಂದಳು ಎಲ್ಲ ಬಿಡಿ. ಯಾರಿಗೇ ಆಗಲಿ ಕೊನೆಗೆ ‘ರು’ ಹಾಕಿ. ತಪ್ಪಾದರೂ ಮರ್ಯಾದೆಯಾಗಿ ತಪ್ಪಾಗುತ್ತೆ.” ಮಾರನೆಯ ಬೆಳಿಗ್ಗೆ ಜಗುಲಿಯಿಂದ ಕೂಗು: “ಟೀಚರ್-ಲಾ, ನಾಯಿ ಬಂದ್ರು! ನಿಮ್ಮ ಚಪ್ಪಲಿ ತಕಂಡ್ ಹೋದ್ರು!”

ಕನ್ನಡ ಟೀಚರಾಗಿ ಸೇರಿದವಳಿಗೆ ಆ ವರ್ಷ ಎಂಟನೇ ತರಗತಿಯ ಇಂಗ್ಲಿಷ್ ವ್ಯಾಕರಣವೂ ಬಂತು. ಎಷ್ಟು ಹೇಳಿದರೂ ಮಕ್ಕಳು ‘ಐ ಮ್ಯಾಂಗೋ ಈಟ್’ ಅಂತಲೇ ಬರೆಯುತ್ತಿದ್ದರು. ಸಂಜೆ ಜಗುಲಿಯಲ್ಲಿ ಕೂತು ಪೇಪರ್ ತಿದ್ದುತ್ತಾ ಗೊಣಗಿಕೊಂಡರೆ, ಅವರೆಕಾಯಿ ಸುಲಿಯುತ್ತಿದ್ದ ಅಮಾಲಾ, “ಮಕ್ಕಳು ಸರಿ ಇದಾರಲ್ಲಾ, ಇಂಗ್ಲಿಷೇ ಅವಸರ” ಅಂದರು. ಟಿಬೆಟನ್ನಿನಲ್ಲೂ ಕ್ರಿಯಾಪದ ಕೊನೆಗೇ ಬರುವುದಂತೆ. ‘ನಾನು’ ಅನ್ನುವುದಕ್ಕೆ ಅವರು ಹೇಳಿದ್ದು ‘ಙ’. ನನಗೆ ರೋಮಾಂಚನವಾಯಿತು! ವರ್ಣಮಾಲೆಯಲ್ಲಿ ಮಕ್ಕಳಿಂದ ಬರೆಸಿ, ಆಮೇಲೆ ಜನ್ಮದಲ್ಲಿ ಬಳಸದ ಆ ಬಡಪಾಯಿ ಅಕ್ಷರ, ಇವರ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಮಾತು. ‘ಙ ಚಾ ತುಂಗ್‌ಗಿ ಯೋ’ ಅಂದರೆ ನಾನು ಚಾ ಕುಡಿಯುತ್ತಾ ಇದ್ದೇನೆ. ಪದದ ಕೆಳಗೆ ಪದ ಇಟ್ಟರೆ ಕನ್ನಡವೇ. ‘ನನಗೆ ಮಗಳಿದ್ದಾಳೆ’ ಅನ್ನುವುದೂ ಹಾಗೇ, ನಮ್ಮಿಬ್ಬರಲ್ಲೂ ‘ನನಗೆ’. ಇಂಗ್ಲಿಷಿನವರು ಮಾತ್ರ ‘ಐ ಹ್ಯಾವ್’ ಅಂತ ಮಗಳನ್ನು ಕೈಯಲ್ಲಿ ಹಿಡಿದುಕೊಂಡೇ ಮಾತಾಡುತ್ತಾರೆ. ಇದ್ದ ಒಂದು ವ್ಯತ್ಯಾಸ, ನಮ್ಮ ಬಿಸಿನೀರು ಅವರಲ್ಲಿ ನೀರು ಬಿಸಿ. ಗುಣ ಹೇಳುವ ಪದ ಹಿಂದೆ ಬರುತ್ತದೆ. “ಮೊದಲು ನೀರು ಬರ್ಲಿ, ಆಮೇಲೆ ಬಿಸಿ ಮಾಡಾಣ” ಅನ್ನುತ್ತಿದ್ದರು.

ಇನ್ನೊಂದು ಸಂಗತಿ ಇತ್ತು. ಯಾರಿಗೋ ಜ್ವರ, ಎಲ್ಲೋ ಜಗಳ ಅಂತ ನಾನು ಬಂದು ಹೇಳಿದರೆ, “ನೋಡಿದ್ರಾ?” ಅಂತ ಕೇಳುವರು. ಮೊದಮೊದಲು ಇವರಿಗೆ ನನ್ನ ಮೇಲೆ ನಂಬಿಕೆ ಇಲ್ಲವೇನೋ ಅನ್ನಿಸುತ್ತಿತ್ತು. ಅದಲ್ಲ. ಅವರ ಭಾಷೆಯಲ್ಲಿ ಕ್ರಿಯಾಪದದ ಬಾಲವೇ ಹೇಳುತ್ತದೆ, ಇದು ನಾನು ಕಣ್ಣಾರೆ ಕಂಡದ್ದೋ, ಎಲ್ಲರಿಗೂ ಗೊತ್ತಿರುವುದೋ ಅಂತ. ಕಂಡದ್ದಕ್ಕೆ ‘ದೂ’, ಗೊತ್ತಿರುವುದಕ್ಕೆ ‘ರೇ’. ಯಾರೋ ಹೇಳಿದ್ದಾದರೆ ಅದಕ್ಕೆ ಇನ್ನೊಂದು ಬಾಲ. “ನಮ್ಮಲ್ಲೂ ಇದೆಯಲ್ಲ” ಅಂದೆ ನಾನು. “ಬಂದರಂತೆ, ಹೋದರಂತೆ. ಆ ‘ಅಂತೆ’.” ಅಮಾಲಾ ಕೈಯಲ್ಲಿದ್ದ ಅವರೆಕಾಯಿ ಬಿಟ್ಟು ಚಪ್ಪಾಳೆ ತಟ್ಟಿದರು. ಅಷ್ಟು ವರ್ಷ ಅದೇನೋ ಸುಮ್ಮನೆ ಎಳೆಯುವ ರಾಗ ಅಂದುಕೊಂಡಿದ್ದರಂತೆ! ಆಮೇಲೆ, “ಆದ್ರೆ ನೀವು ತುಂಬಾ ಸಲ ಹಾಕಲ್ಲ. ಮರೀತೀರಾ” ಅಂದರು. ಅದೂ ನಿಜವೇ.

ಆ ಮಾಘದಲ್ಲಿ ನನಗೆ ಗಂಡು ಗೊತ್ತಾಯಿತು. ಕೌದಳ್ಳಿಯವರು. ಪಂಪ್‌ಸೆಟ್ಟು, ಮೋಟಾರು, ಫ್ಯಾನು ರಿಪೇರಿಯ ಸ್ವಂತ ಅಂಗಡಿ. ನೋಡಲು ಬಂದ ದಿನ ಎಲ್ಲರ ಎದುರಿಗೇ ನನ್ನ ಕಡೆ ತಿರುಗಿ, “ನಿಮ್ಗೆ ಒಪ್ಗೆನಾ?” ಅಂತ ಕೇಳಿದ್ದರು. ಆ ಒಂದು ಮಾತಿಗೇ ನನಗೆ ಒಪ್ಪಿಗೆಯಾಗಿತ್ತು. ಅಷ್ಟರಲ್ಲಿ ಒಂದು ಶನಿವಾರ ಮಧ್ಯಾಹ್ನ ಅಪ್ಪ ಮತ್ತು ಸೋದರಮಾವ ಹೊನ್ನೂರಿನಿಂದ ಬಂದು ಜಗುಲಿಯಲ್ಲಿ ಕೂತರು. ಅಪ್ಪ ನೆಲ ನೋಡುತ್ತಿದ್ದರು. ಮಾತು ಮಾವನದೇ.

“ಈ ಸಂಬಂದ ಬ್ಯಾಡ ಕಣವ್ವ. ಆ ಉಡ್ಗ ಕುಡಿತಾನೆ. ದಿನಾ ಸಂಜೆ ಬ್ರಾಂದಿ ಅಂಗ್ಡೀಲೇ ಇರ್ತಾನೆ.”

ಟೀ ತಂದಿದ್ದ ಅಮಾಲಾ ಲೋಟ ಮುಂದೆ ಇಟ್ಟು ಮೆಲ್ಲಗೆ ಕೇಳಿದರು, “ಮಾವ-ಲಾ, ನೀವು ನೋಡಿದ್ರಾ?”

ಮಾವ ಲೋಟವನ್ನು ಪಕ್ಕಕ್ಕೆ ತಳ್ಳಿದರು. “ಯಾರ್ಗಮ್ಮ ಲಾ ಅಂತಿರಾದು? ನಾನೇನು ನಿನ್ ಜೊತೆ ದನ ಕಾದವ್ನಾ?”

ಆ ದುಃಖದಲ್ಲೂ ನನಗೆ ನಗು ಬಂತು. “ಅವರ ಭಾಷೇಲಿ ಅದು ಮರ್ಯಾದೆ ಮಾವ. ಹೆತ್ತವ್ವನಿಗೂ ಲಾ ಅಂತಾರೆ” ಅಂದೆ. ಮಾವ ಮೀಸೆ ಸವರಿಕೊಂಡು ಲೋಟ ಹತ್ತಿರ ಎಳೆದುಕೊಂಡರು. “ಅಂಗಾ... ಅಂಗಾದ್ರೆ ಅನ್ಲಿ ಬುಡು.”

ಅಮಾಲಾ ಕಾದಿದ್ದು ಮತ್ತೆ ಅದನ್ನೇ ಕೇಳಿದರು.

“ನಾನೆಲ್ಲಿ ನೋಡಾನಮ್ಮ? ಸಂತೇಲಿ ನಮ್ ಷಡ್ಕ ಯೋಳ್ದ. ಅವ್ನಿಗೆ ಇನ್ಯಾರೋ ಯೋಳಿದ್ರು.”

“ಹಾಗಾದ್ರೆ ಕುಡಿತಾನೆ ಅಲ್ಲ. ಕುಡಿತಾನಂತೆ.”

“ಎಲ್ಡೂ ಒಂದೇಯ.”

“ನಮ್ಮ ಭಾಷೇಲಿ ಒಂದೇ ಅಲ್ಲ” ಅಂದರು ಅಮಾಲಾ. “ನಮ್ಮ ಭಾಷೇಲೂ ಅಲ್ಲ ಮಾವ” ಅಂತ ನಾನೂ ಸೇರಿಸಿದೆ. ಅಪ್ಪ ಆಗ ತಲೆ ಎತ್ತಿದರು. “ನೋಡ್ಕಂಡ್ ಬಾ ಓಗವ್ವ. ಬಾಳ್ಬೇಕಾದೋಳು ನೀನು” ಅಂದರು.

ಮಾರನೆಯ ದಿನ ಅಮಾಲಾ ಕ್ಯಾಂಪಿಗೆ ಹೋಗಲಿಲ್ಲ. ತಮ್ಮ ಕೆಟ್ಟ ಟೇಬಲ್ ಫ್ಯಾನನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನ ಜೊತೆ ಕೌದಳ್ಳಿಯ ಬಸ್ಸು ಹತ್ತಿದರು. ಅಂಗಡಿಯಲ್ಲಿದ್ದ ಮದುವೆಗಂಡು ನನ್ನನ್ನು ಕಂಡು ಎದ್ದು ನಿಂತರು. ಯಾಕೆ ಬಂದಿರಿ ಅಂತ ಕೇಳಲಿಲ್ಲ. ಸ್ಟೂಲು ಒರೆಸಿ ಕೊಟ್ಟು, ಫ್ಯಾನು ಬಿಚ್ಚಿ, ಎಣ್ಣೆ ಬಿಟ್ಟು, ತಿರುಗಿಸಿ ತೋರಿಸಿದರು. ಹೊತ್ತು ಇಳಿಯುತ್ತಿತ್ತು. ಅವರು ಎರಡು ಸಲ ರಸ್ತೆ ಕಡೆ ನೋಡಿ, “ಒಸಿ ಕೂತಿರಿ, ಬಂದ್ಬುಡ್ತೀನಿ” ಅಂದು ಹೊರಟರು. ಎದುರು ಸಾಲಿನ ಬ್ರಾಂದಿ ಅಂಗಡಿಯೊಳಕ್ಕೆ ನೇರ ಹೋದರು.

ನಾನು ಎದ್ದುಬಿಟ್ಟೆ. ಬಸ್ಸು ಸಿಕ್ಕರೆ ಸಾಕು ಅನ್ನಿಸಿತು. ಅಮಾಲಾ ನನ್ನ ಮಣಿಕಟ್ಟು ಹಿಡಿದು ಕೂರಿಸಿದರು.

“ತಡೀರಿ ಟೀಚರ್-ಲಾ. ಕೊನೆ ಮಾತು ಇನ್ನೂ ಬಂದಿಲ್ಲ.”

ಸ್ವಲ್ಪ ಹೊತ್ತಿಗೆ ಅವರು ಹೊರಗೆ ಬಂದರು. ಹೆಗಲ ಮೇಲೆ ಇನ್ನೊಬ್ಬರ ತೋಳು. ತಮಗಿಂತ ದೊಡ್ಡ ವಯಸ್ಸಿನವರೊಬ್ಬರನ್ನು ಒಂದು ಕೈಯಲ್ಲಿ ಬಳಸಿ, ಇನ್ನೊಂದು ಕೈಯಲ್ಲಿ ಆ ಮನುಷ್ಯನ ಚಪ್ಪಲಿ ಹಿಡಿದು, ರಸ್ತೆ ದಾಟಿಸಿ ತಂದರು. ನಾವು ನೋಡುತ್ತಿದ್ದೇವೆ ಅಂತ ಗೊತ್ತಿದ್ದೂ ಬೇರೆ ದಾರಿ ಹಿಡಿಯಲಿಲ್ಲ.

“ನಮ್ಮಣ್ಣ” ಅಂದರು. “ಕುಡಿಯಾನು ಅವ್ನು. ಕರ್ಕಂಡ್ ಓಗಾನು ನಾನು. ನಿಮ್ಮಪ್ಪಾರ್ಗೆ ಮೊದ್ಲೇ ಯೋಳ್ಬೇಕು ಅಂತಿದ್ದೆ, ನಮ್ಮವ್ವ ಬ್ಯಾಡ ಅಂದ್ಲು.”

ನಾನು ಕೇಳಿದೆ, “ನಾನು ಬಂದ ಮೇಲೂ ಹೀಗೇ ಕರ್ಕೊಂಡು ಬರ್ತೀರಾ?”

ಅವರು ಸುಳ್ಳು ಹೇಳಬಹುದಿತ್ತು. ಅಣ್ಣನ ಚಪ್ಪಲಿ ಕೆಳಗಿಟ್ಟು, “ಕರ್ಕಂಡ್ ಬರಾದೇಯ. ಅಣ್ಣ ಅಲ್ವಾ?” ಅಂದರು.

ಬಸ್ಸಿನಲ್ಲಿ ಬರುವಾಗ ಅಮಾಲಾ ಕೇಳದಿದ್ದರೂ ನಾನೇ, “ನಾನು ಇವರನ್ನೇ ಮದುವೆ ಆಗ್ತೀನಿ” ಅಂದೆ. ತೊಡೆಯ ಮೇಲಿದ್ದ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಿರುಗಿಸುತ್ತಾ ನಕ್ಕರು ಅಷ್ಟೇ.

ಹೊನ್ನೂರಿನ ನಮ್ಮ ಮನೆಯಲ್ಲಿ ಎಲ್ಲರೂ ಕೂತಿದ್ದಾಗ ಸಾಕ್ಷಿ ಹೇಳಿದವರೂ ಅಮಾಲಾ. ಒಂದೊಂದೇ ಮಾತು ಜೋಡಿಸಿ, ಹುಡುಗನಿಗೂ ‘ರು’ ಹಚ್ಚಿ ಹೇಳಿದರು. “ಹುಡುಗರು ಕುಡಿದಿರಲಿಲ್ಲ. ಹತ್ತಿರ ನಿಂತಿದ್ದೆ, ವಾಸನೆ ಇಲ್ಲ. ಅಣ್ಣ ಕುಡಿದಿದ್ರು. ಹುಡುಗರು ಹೆಗಲು ಕೊಟ್ಟು ಕರ್ಕೊಂಡು ಹೋದ್ರು. ಇದು ನಾನು ನೋಡಿದ್ದು.” ಅವ್ವ ಕಣ್ಣೊರೆಸಿಕೊಂಡು, “ನನ್ ಮಗಳ್ನ ಚೆಂದಾಗಿ ನೋಡ್ಕತಾನಾ ತಾಯಿ?” ಅಂದಳು. ಯಾರಾದರೂ ಹೂಂ ಅನ್ನುವ ಹೊತ್ತು ಅದು. ಅಮಾಲಾ ಹೂಂ ಅನ್ನದೆ ಅವ್ವನ ಕಡೆ ತಿರುಗಿದರು.

“ಅದು ನಾನು ಇನ್ನೂ ನೋಡಿಲ್ಲ, ಅಮಾ-ಲಾ. ನೋಡಿದ ಮೇಲೆ ಹೇಳ್ತೀನಿ.”

ಮೊದಲು ನಕ್ಕವರು ಮಾವ. ಆಮೇಲೆ ಇಡೀ ಮನೆ ನಕ್ಕಿತು.

ಮದುವೆಗೆ ಅಮಾಲಾ ಉದ್ದನೆಯ ಕಪ್ಪು ನಿಲುವಂಗಿ, ಸೊಂಟದ ಮುಂದೆ ಪಟ್ಟೆ ಪಟ್ಟೆಯ ಮುಂಬಟ್ಟೆ ತೊಟ್ಟು ಬಂದು, ನಮ್ಮಿಬ್ಬರ ಕೊರಳಿಗೂ ಬಿಳಿ ರೇಷ್ಮೆಯ ಶಾಲು ಹಾಕಿದರು. ಭಾವನವರ ಕುಡಿತ ನಮಗೆ ಸುಮಾರು ವರ್ಷ ಸುಲಭವಾಗಿರಲಿಲ್ಲ. ಆಸ್ಪತ್ರೆ ಸೇರಿ ಬಂದ ಮೇಲೆ ಬಿಟ್ಟರು. ಈಗ ಕೌದಳ್ಳಿಯ ಅಂಗಡಿಯ ಗಲ್ಲಾದ ಮೇಲೆ ಅವರೇ ಕೂರುತ್ತಾರೆ. ನನಗೆ ಯಳಂದೂರಿನ ಶಾಲೆಯಲ್ಲಿ ಕೆಲಸವಾಗಿ, ನಾವಿಬ್ಬರೂ ಅಲ್ಲಿ ಮನೆ ಮಾಡಿದೆವು. ಅಂಗಡಿ ಭಾವನವರಿಗೇ ಬಿಟ್ಟು ನಮ್ಮವರು ಯಳಂದೂರಿನಲ್ಲಿ ಇನ್ನೊಂದು ತೆರೆದರು. ಒಮ್ಮೆ ಅಮಾಲಾ ಬಂದು ಉಳಿದಿದ್ದರು. ಬೆಳಿಗ್ಗೆ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ, ನಮ್ಮವರು ಉಪ್ಪಿಟ್ಟು ಮಾಡಿ, ನನಗೆ ತಟ್ಟೆ ಕೊಟ್ಟು, ಮಗುವಿಗೆ ತಿನ್ನಿಸುತ್ತಾ ಕೂತರು. ಅಮಾಲಾ ಗೋಡೆಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದರು. ತಿಂಡಿ ಮುಗಿಸಿ ಕೈ ತೊಳೆದು ಬಂದು, “ಈಗ ನೋಡಿದೆ. ಹೊನ್ನೂರಿಗೆ ಫೋನ್ ಮಾಡಿ, ಅಮ್ಮನಿಗೆ ಹೇಳಿ” ಅಂದರು. ಅವ್ವ ಆಗ ಇನ್ನೂ ಇದ್ದಳು. ಅಮಾಲಾ ತಾವೇ ಫೋನು ತೆಗೆದುಕೊಂಡು, “ಚೆನ್ನಾಗಿ ನೋಡ್ಕೋತಾರೆ” ಅಂತ ಹೇಳಿದರು.

ಹೋದ ವರ್ಷ ಅವರು ತೀರಿಕೊಂಡರು. ಕಾಯಿಲೆ ಬಹಳ ದಿನ ಕಾಡಲಿಲ್ಲ ಅಂತ ಮಗಳು ಫೋನಿನಲ್ಲಿ ಹೇಳಿದಳು. ನಾನೂ ನಮ್ಮವರೂ ಕ್ಯಾಂಪಿಗೆ ಹೋದೆವು. ಜೋಳ ತೆನೆ ಬಿಟ್ಟಿತ್ತು, ಗಾಳಿಗೆ ಬಣ್ಣದ ಬಾವುಟಗಳು ಪಟಪಟ ಅನ್ನುತ್ತಿದ್ದವು. ಮಗಳು ನಮ್ಮ ಹನೂರಿನ ಹುಡುಗಿಯರ ಹಾಗೇ ಕನ್ನಡ ಆಡುತ್ತಾಳೆ, ಬಂದನು-ಬಂದಳು ಎಲ್ಲ ಸರಿಯಾಗಿ. ಚಾ ಕುಡಿದು ಹೊರಟಾಗ ಅವಳು, “ಕಾಲೇ ಫೇ” ಅಂದಳು. ನಮ್ಮವರು ತಮ್ಮ ಕಾಲು ನೋಡಿಕೊಂಡರು. ಅವಳು ನಕ್ಕು ಬಿಡಿಸಿ ಹೇಳಿದಳು. ಅವರಲ್ಲಿ ಬೀಳ್ಕೊಡುವ ಮಾತು ಎರಡು. ಉಳಿಯುವವರು ಹೊರಡುವವರಿಗೆ ‘ಕಾಲೇ ಫೇ’ ಅನ್ನುತ್ತಾರೆ, ನಿಧಾನವಾಗಿ ಹೋಗಿ ಅಂತ. ಹೊರಡುವವರು ಉಳಿಯುವವರಿಗೆ ‘ಕಾಲೇ ಶೂ’, ನಿಧಾನವಾಗಿ ಇರಿ ಅಂತ. ಅಷ್ಟು ವರ್ಷ ಜೊತೆಗಿದ್ದೂ ಇದನ್ನು ಅಮಾಲಾ ನನಗೆ ಹೇಳಿರಲಿಲ್ಲ. ಹನೂರಿನಲ್ಲಿ ಇಬ್ಬರೂ ‘ಹೋಗ್ಬರ್ತೀನಿ’ ಅಂತಲೇ ಅಂದುಕೊಳ್ಳುತ್ತಿದ್ದೆವು...

ಮೆಟ್ಟಿಲು ಇಳಿದವಳು ಮತ್ತೆ ಒಳಗೆ ಹೋದೆ. ಫೋಟೋದ ಮುಂದೆ ದೀಪ ಉರಿಯುತ್ತಿತ್ತು. ಮನೆ ಬಿಟ್ಟು ಹೊರಟಿದ್ದವಳು ನಾನು. ಆದರೆ ಉಳಿದವಳೂ ನಾನೇ. “ಕಾಲೇ ಫೇ, ಅಮಾಲಾ” ಅಂದೆ. ಆ ಮಾತು ಸರಿಯಾಗಿ ಬಂತೋ ಇಲ್ಲವೋ ಗೊತ್ತಿಲ್ಲ. ತಿದ್ದಿ ಹೇಳುವವರು ಇರಲಿಲ್ಲ. ಈಗಲೂ ಇಲ್ಲ.