ಲಾರಿಯ ಮೂಗಿನಲ್ಲಿ ಎಣ್ಣೆ

ಬಾನೆಟ್ ಎತ್ತಿದ ಲಾರಿ ಕಂಡರೆ ನನಗೆ ಸುಮ್ಮನೆ ದಾಟಿಹೋಗಲು ಆಗುವುದಿಲ್ಲ. ಇಂಜಿನ್ ಬಗ್ಗೆ ನನಗೆ ಗೊತ್ತಿರುವುದು ಅದು ಬಿಸಿಯಾಗುತ್ತದೆ ಎನ್ನುವುದಷ್ಟೇ. ಆದರೂ ಕೈ ಹಿಂದೆ ಕಟ್ಟಿ, ಒಳಗೆ ಬಗ್ಗಿ ನೋಡಿ, ಒಂದು ಸಲ "ಹೂಂ" ಎನ್ನದಿದ್ದರೆ ತಿಂದ ಅನ್ನ ಅರಗದು. ಈ ಚಟ ನನ್ನೊಬ್ಬನದಲ್ಲ. ತೀರ್ಥಹಳ್ಳಿಯಿಂದ ಸಾಗರದವರೆಗೆ ಎಲ್ಲಿ ಲಾರಿ ಕೆಟ್ಟು ನಿಂತರೂ ಅರೆಗಳಿಗೆಯಲ್ಲಿ ಐದಾರು ಮಂದಿ ವೈದ್ಯರು ಹುಟ್ಟಿಕೊಳ್ಳುತ್ತಾರೆ.

ಎಂಬತ್ತರ ದಶಕದ ಕೊನೆಯಲ್ಲಿ ನನ್ನ ಅಕ್ಕನ ಗಂಡ ನಾಗಪ್ಪ ಗೌಡರು, ಯಾರೋ ಓಡಿಸಿ ಬಿಟ್ಟಿದ್ದ ಟರ್ಬೊ ಲಾರಿಯೊಂದನ್ನು ಕೊಂಡರು. ಟರ್ಬೊ ಎಂದರೆ ಇಂಜಿನ್ನಿನ ಹೊಗೆಯ ರಭಸದಿಂದಲೇ ತಿರುಗಿ ಅದಕ್ಕೆ ಇನ್ನಷ್ಟು ಗಾಳಿ ನೂಕುವ ಚಕ್ರ. ನಮ್ಮ ಕಡೆ ಆಗ ಅದು ಅಪರೂಪ. ಆ ಪದ ಹೇಳುವಾಗಲೆಲ್ಲ ಭಾವನ ಮೀಸೆ ಒಂದಿಷ್ಟು ಮೇಲೇರುತ್ತಿತ್ತು. ಡ್ರೈವರ್ ಗುತ್ಯಪ್ಪ ಬಹಳ ವರ್ಷಗಳಿಂದ ಅವರ ಮನೆಯಲ್ಲೇ ಉಂಡುಕೊಂಡಿದ್ದವನು. ಅಕ್ಕಿ ಹೇರಿಕೊಂಡು ಹುಲಿಕಲ್ ಘಾಟಿ ಇಳಿದು, ಹೆಂಚು ಹೊತ್ತು ಹತ್ತಿ ಬರುವುದು ಅವನ ಕೆಲಸ.

ಅವನು ತಂಗಿಯ ಮದುವೆಗೆಂದು ಊರಿಗೆ ಹೋದಾಗ ಲಾರಿ ಒಂದು ವಾರ ಅಂಗಳದಲ್ಲೇ ನಿಂತಿತು. ತಿರುಗಿ ಬಂದವನನ್ನು ಭಾವ ಚಾ ಕುಡಿಯಲೂ ಬಿಡದೆ, "ಎಲ್ಲಾ ನಾನೇ ನೋಡಿದೀನಿ, ಹೊರಡು" ಎಂದು ಅಟ್ಟಿದರು. ಘಾಟಿಯಿಂದ ಮರಳಿದ ಲಾರಿ ನೀಲಿ ಹೊಗೆ ಕಾರುತ್ತಿತ್ತು. ಗಾಳಿ ಒಳಗೆ ಹೋಗುವ ಪೈಪು ಬಿಚ್ಚಿದರೆ ತುಂಬ ಎಣ್ಣೆ!

"ತಪ್ಪು ಗೇರಲ್ಲಿ ಎಳ್ದು ಟರ್ಬೊ ಹಾಳ್ ಮಾಡಿದೀಯ ಮಾರಾಯ. ಅದೇ ಹೌದು ಅಂತಾದ್ರೆ ನಾಳೆಯಿಂದ ನೀನು ಬರೋದು ಬ್ಯಾಡ" ಎಂದರು ಭಾವ. ಗುತ್ಯಪ್ಪ ಪೈಪು ಒರೆಸಿ ಮತ್ತೆ ಜೋಡಿಸತೊಡಗಿದ. ನನಗೆ ಅವನ ಮುಖ ನೋಡಲಾಗಲಿಲ್ಲ.

ಸಾಗರದ ಅಂತೋನಿ ಮೇಸ್ತ್ರಿಗೆ ತೋರಿಸೋಣವೆಂದು ಲಾರಿಯನ್ನು ಮೆಲ್ಲಗೆ ನಡೆಸಿಕೊಂಡು ಹೊರಟೆವು. ನಾನೂ ಹತ್ತಿ ಕುಳಿತೆ, ಕರೆಯದಿದ್ದರೂ. ತೀರ್ಥಹಳ್ಳಿಯ ವೈದ್ಯರು ಟರ್ಬೊದ ಸೀಲು ಹೋಗಿದೆ ಎಂದರು. ಹೊಸನಗರದವರು ಪಿಸ್ಟನ್ ರಿಂಗೇ ಸವೆದಿದೆ, ಇಂಜಿನ್ ಬಿಚ್ಚಬೇಕು ಎಂದರು. ನಾನು ಕನ್ನಡ ಮೇಷ್ಟ್ರು, ಸುಮ್ಮನಿರುವುದುಂಟೆ? ಆಯುರ್ವೇದದಲ್ಲಿ ನಸ್ಯವೆಂಬ ಚಿಕಿತ್ಸೆಯಿದೆ, ಮೂಗಿಗೆ ತೈಲ ಬಿಡುತ್ತಾರೆ, ಮಿತಿ ಮೀರಿದರೆ ಕೆಮ್ಮು ಬರುತ್ತದೆ ಎಂದು ವಿವರಿಸಿದೆ. ಭಾವ ಕಿಟಕಿಯ ಆಚೆ ನೋಡಿದರು. ಒಂದೊಂದು ಅಭಿಪ್ರಾಯಕ್ಕೂ ಗುತ್ಯಪ್ಪ ಸ್ಟೇರಿಂಗಿನ ಹಿಂದೆ ಇನ್ನಷ್ಟು ಕುಗ್ಗುತ್ತಿದ್ದ.

ಅಂತೋನಿ ಮಾತಿಗಿಂತ ಬೈಗುಳವೇ ಹೆಚ್ಚಿನ ಮನುಷ್ಯ. ಟರ್ಬೊದ ಚಕ್ರ ಅಲ್ಲಾಡಿಸಿ ನೋಡಿ, ಅದಕ್ಕೆ ಗಾಳಿ ತರುವ ಪೈಪಿಗೆ ಬೆರಳು ತೂರಿಸಿದ. "ಗಾಳಿ ಟರ್ಬೊಗೆ ಬರೋ ಮುಂಚೆಯೇ ಇಲ್ಲಿ ಎಣ್ಣೆ ಉಂಟಲ್ಲ! ಟರ್ಬೊದ ತಪ್ಪು ಎಂತದು?" ಎನ್ನುತ್ತಾ ಏರ್ ಕ್ಲೀನರಿನ ಬಟ್ಟಲು ಬಿಚ್ಚಿದ. ಹಳೆಯ ಲಾರಿಗಳಲ್ಲಿ ಒಳಹೋಗುವ ಗಾಳಿಯ ಧೂಳು ಹಿಡಿಯಲು ಅಲ್ಲೊಂದಿಷ್ಟು ಎಣ್ಣೆ ಇಟ್ಟಿರುತ್ತಾರೆ, ಗೆರೆಯವರೆಗೆ ಮಾತ್ರ. ಇಲ್ಲಿ ಗೆರೆ ಎಲ್ಲೋ ತಳದಲ್ಲಿ ಮುಳುಗಿತ್ತು. ಹೆಚ್ಚಾದದ್ದನ್ನೆಲ್ಲ ಇಂಜಿನ್ ಉಸಿರಿನ ಜೊತೆ ಎಳೆದುಕೊಂಡಿತ್ತು.

"ಯಾರು ಹಾಕಿದ್ದು ಇದನ್ನ?"

"ನಾನೇ" ಎಂದರು ಭಾವ. "ದಿನಾ ಬೆಳಿಗ್ಗೆ ಹಾಕ್ತೀನಿ. ಅರ್ಧಂಬರ್ಧ ಬಡಿಸೋ ಪದ್ಧತಿ ನಮ್ಮ ಮನೇಲಿಲ್ಲ."

ಅದಂತೂ ನಿಜ. ಆ ಮನೆಯಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಸಾರು ಸುರಿಯುತ್ತಾರೆ. ಲಾರಿಗೆ ಪಾಪ, ಅಡ್ಡ ಹಿಡಿಯಲು ಕೈಯೂ ಇಲ್ಲ.

"ದಿನಾ ಹಾಕ್ತಿದ್ರೆ ಇಷ್ಟು ಕಾಲ ಹ್ಯಾಂಗೆ ಓಡ್ತು ಇದು?" ಎಂದು ಅಂತೋನಿ ತಲೆ ಕೆರೆದುಕೊಂಡ. ಎಲ್ಲರೂ ಗುತ್ಯಪ್ಪನ ಕಡೆ ತಿರುಗಿದೆವು.

"ನಾನು ದಿನಾ ಬಸೀತಿದ್ದೆ ಗೌಡ್ರೆ" ಎಂದ ಅವನು, ನೆಲ ನೋಡುತ್ತಾ. "ನೀವು ಒಳಗೆ ಹೋದ್ಮೇಲೆ, ಗೆರೆ ತನಕ ಬಿಟ್ಟು. ಮೊನ್ನೆ ಊರಿಂದ ಬಂದ ಕೂಡ್ಲೇ ಹೊರಟೆ, ಆಗ್ಲಿಲ್ಲ."

"ಕೆಲ್ಸ ಹೋಗ್ತದೆ ಅಂತ ನಾ ಅಂದಾಗಾದ್ರೂ ಹೇಳ್ಬಾರ್ದಾಗಿತ್ತನಾ?"

"ಅಷ್ಟು ಪ್ರೀತೀಲಿ ಹಾಕ್ತಿದ್ರಿ. ನಾಲ್ಕು ಜನರೆದ್ರು ಹ್ಯಾಂಗೆ ಹೇಳ್ಲಿ?"

ಭಾವನ ಮೀಸೆ ಇಳಿಯಿತು. ವಾಪಸು ಬರುವಾಗ ಹೊಸನಗರದ ಹೋಟೆಲಿನಲ್ಲಿ ಅವರು ಗುತ್ಯಪ್ಪನನ್ನು ಪಕ್ಕದಲ್ಲೇ ಕೂರಿಸಿಕೊಂಡು, "ನೀನು ಎಲ್ಲಿಗೂ ಹೋಗೋದು ಬ್ಯಾಡ. ಇನ್ಮೇಲೆ ನಾ ಜಾಸ್ತಿ ಮಾಡಿದ್ರೆ ಬಾಯಿಬಿಟ್ಟು ಹೇಳು" ಎಂದರು. ಹೇಳಿದವರೇ, ಕೇಳದೆಯೇ ಅವನ ತಟ್ಟೆಗೆ ಇನ್ನೆರಡು ಬನ್ಸ್ ಹಾಕಿಸಿದರು. ಅವನ ಹೊಟ್ಟೆ ತುಂಬಿತ್ತೆಂಬುದು ನನಗೆ ಕಾಣುತ್ತಿತ್ತು. ಗುತ್ಯಪ್ಪ ತುಟಿಪಿಟಕ್ಕೆನ್ನದೆ ತಿಂದ.

ಅಂದಿನಿಂದ ನನಗೊಂದು ಅನುಮಾನ. ನಾನು ಮನೆಯಲ್ಲಿ ಉಪದೇಶಕ್ಕೆ ತೊಡಗಿದಾಗಲೆಲ್ಲ ನನ್ನ ಹೆಂಡತಿ ತಲೆಯಾಡಿಸುತ್ತಾ ತುಂಬ ಶಾಂತವಾಗಿ ಕೇಳುತ್ತಾಳೆ. ನಾನು ಶಾಲೆಗೆ ಹೋದಮೇಲೆ ಅದರಲ್ಲಿ ಎಷ್ಟನ್ನು ಬಸಿದು ಚೆಲ್ಲುತ್ತಾಳೋ! ಕೇಳಿಬಿಡೋಣ ಎನಿಸುತ್ತದೆ. ಆದರೆ ಸಂಸಾರ ಹೊಗೆಯಿಲ್ಲದೆ ಓಡುತ್ತಿದೆ. ಕೇಳುವುದಿಲ್ಲ.