ಅತ್ತೆಯ ತೆಂಗಿಗೆ ನಾನು ಕಟ್ಟಿದ ಬಕೆಟ್ಟು

ಚಿನಕುರಳಿಯ ನಮ್ಮ ಮನೆಯ ಬಚ್ಚಲ ಹಿಂದೆ ಒಂದು ತೆಂಗಿನ ಮರವಿದೆ. ನನ್ನ ಗಂಡ ಹುಟ್ಟಿದ ವರ್ಷ ಅತ್ತೆ ನೆಟ್ಟದ್ದು. ಕೂಸಿಗೆ ಎರೆದ ನೀರೆಲ್ಲ ಹರಿದು ಅದರ ಬುಡಕ್ಕೇ ಹೋಗುತ್ತಿತ್ತಂತೆ. ಹಾಗಾಗಿ ಅತ್ತೆಗೆ ಅದು ಎರಡನೆಯ ಮಗ. ಮೊದಲನೆಯವನಿಗಿಂತ ಚೆನ್ನಾಗಿ ಹೇಳಿದ ಮಾತು ಕೇಳುತ್ತದೆ ಎಂದು ನಾನು ರೇಗಿಸುವುದುಂಟು.

ಹೋದ ವರ್ಷ ಅದರ ಹೊಸ ಗರಿಗಳು ಕತ್ತರಿ ಆಡಿಸಿದ ಹಾಗೆ ತುಂಡಾಗಿ ಬರತೊಡಗಿದವು. ಸುಳಿ ಕೊರೆಯುವ ಕೊಂಬಿನ ದುಂಬಿಯ ಕೆಲಸ. ಸುಳಿ ಹೋದರೆ ತೆಂಗು ಹೋಯಿತೆಂದೇ ಲೆಕ್ಕ. ಅತ್ತೆಗೆ ಊಟ ಸೇರದಾಯಿತು. ಬಿ.ಎಸ್ಸಿ. ಓದಿದ ಸೊಸೆ ನಾನು, ಸುಮ್ಮನಿರುತ್ತೇನೆಯೇ? ಪಾಂಡವಪುರದ ಗೊಬ್ಬರದಂಗಡಿಗೆ ಹೋಗಿ ಬಕೆಟ್ಟಿನ ಬಲೆಯನ್ನೂ ಅದರೊಳಗೆ ತೂಗುಹಾಕುವ ವಾಸನೆಯ ಪೊಟ್ಟಣವನ್ನೂ ತಂದೆ. ಜೊತೆಗೆ ಕೊಟ್ಟ ಕಾಗದವನ್ನು ಓದದೆ ಚೀಲಕ್ಕೆ ತುರುಕಿದೆ.

ಅತ್ತೆಗೆ ಪಾಠ ಮಾಡಿದೆ. ದುಂಬಿಗೆ ಮೂಗಿಲ್ಲ, ಮೀಸೆಯಲ್ಲೇ ವಾಸನೆ ಹಿಡಿಯುತ್ತದೆ. ತಿನ್ನಲು ಒಳ್ಳೆಯ ಮರ ಸಿಕ್ಕರೆ ಗಂಡು ದುಂಬಿ ಒಂದು ವಾಸನೆ ಬಿಟ್ಟು ಉಳಿದವನ್ನೂ ಕರೆಯುತ್ತದೆ. ಅದೇ ವಾಸನೆ ಈ ಪೊಟ್ಟಣದಲ್ಲಿದೆ. ಬಂದ ದುಂಬಿ ಬಕೆಟ್ಟಿನ ನೀರಿಗೆ ಬಿದ್ದು ಸಾಯುತ್ತದೆ.

"ನೆಂಟ್ರುನ್ನೂ ಊಟಕ್ಕೆ ಕರೀತದಾ? ನಿನ್ ಗಂಡುಂಗಿಂತ ವಾಸಿ ಬುಡು" ಎಂದು ನಕ್ಕರು. ನಾನು ಬಕೆಟ್ಟನ್ನು ಆ ಮರಕ್ಕೇ ಬಿಗಿಯುವುದನ್ನು ನೋಡಿ, "ಅಲ್ಲ ಕಣವ್ವ, ಇಲ್ಗೇ ಕರುದ್ರೆ ಎಂಗೆ? ದೂರ ಕಟ್ಬಾರ್ದಾ?" ಅಂದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. "ಔಷಧಿನ ಕಾಯಿಲೆಯವರಿಗೆ ಕೊಡ್ತಾರೋ, ಪಕ್ಕದ ಮನೆಯವರಿಗೋ?" ಎಂದೆ. ಅತ್ತೆ ಹಗ್ಗದ ತುದಿ ಹಿಡಿದುಕೊಟ್ಟರು.

ಮೊದಲ ದಿನಗಳಲ್ಲಿ ಬಕೆಟ್ಟಿಗೆ ದುಂಬಿ ಬಿದ್ದಾಗ ನಾನು ಬೀಗಿದ್ದೇ ಬೀಗಿದ್ದು. ಆಮೇಲೆ ಸುಳಿಯಿಂದ ಜಗಿದ ನಾರು ಉದುರತೊಡಗಿತು, ಮೊದಲಿಗಿಂತ ಜಾಸ್ತಿ. ಮರ ಹತ್ತುವವನು ಬಂದು ಕೊಕ್ಕೆ ಹಾಕಿ ಒಂದರ ಹಿಂದೊಂದು ದುಂಬಿ ಎಳೆದು ಹಾಕಿದ. ನಾನು ಓಡಿಹೋಗಿ ಚೀಲದಲ್ಲಿದ್ದ ಕಾಗದ ತೆಗೆದೆ. ಬಲೆಯನ್ನು ತೆಂಗಿನ ಮರದಿಂದ ದೂರ ಕಟ್ಟಬೇಕು ಎಂದು ದಪ್ಪ ಅಕ್ಷರದಲ್ಲಿತ್ತು. ಬಂದ ದುಂಬಿಗಳೆಲ್ಲ ಬಕೆಟ್ಟಿಗೇ ಬೀಳುವುದಿಲ್ಲ, ಹತ್ತಿರದ ಮರಕ್ಕೂ ಏರುತ್ತವೆ.

ಅಷ್ಟರಲ್ಲಿ ಕಬ್ಬಿನ ಗದ್ದೆಯಿಂದ ಬಂದ ನನ್ನ ಗಂಡ ನನ್ನ ಕೈಯಲ್ಲಿದ್ದ ಕಾಗದ ಇಸಿದುಕೊಂಡು ಓದಿದರು. "ಯಾರವ್ವ ಇದ್ನ ಇಲ್ಲಿ ಕಟ್ಟಿದ್ದು? ಊರ್ ಹುಳನೆಲ್ಲ ಕರ್ದು ಮರ ಹತ್ಸವ್ರಲ್ಲ!"

ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಹೇಳಿದರು: "ನಾನೇ ಕಣ್ಲಾ. ದೂರ ಕಟ್ಟಿ ದೂರ ಕಟ್ಟಿ ಅಂತ ಅವ್ಳು ಬಡ್ಕೊಂಡ್ಳು. ನಾನ್ ಕೇಳ್ನಿಲ್ಲ."

ಬಕೆಟ್ಟು ಆಚೆಯ ಬೇಲಿಗೆ ಹೋಯಿತು. ಸಂಜೆ ಪಾತ್ರೆ ತೊಳೆಯುವಾಗ, ಯಾಕತ್ತೆ ಸುಳ್ಳು ಹೇಳಿದ್ರಿ ಎಂದು ಕೇಳುತ್ತಲೇ ನನಗೆ ಅಳು ಬಂತು.

"ಮರ ಚಿಗುರ್ತದೆ ಬುಡು ಮಗಾ. ಅವ್ನ್ ಮುಂದೆ ಒಂದ್ ಸಲ ನಿನ್ ಮಾತು ಬಿದ್ದೋದ್ರೆ, ಆಮೇಕೆ ಈ ಮನೇಲಿ ಯಾರ್ ಕೇಳಾರು?"

ಚಿಗುರುತ್ತದೋ ಇಲ್ಲವೋ ಆವತ್ತು ಅವರಿಗೂ ಗೊತ್ತಿರಲಿಲ್ಲ.