ಚನ್ನಬಸಮ್ಮನವರ ಅರ್ಧ ಹೆಸರು

“ತಮ್ಮಾ, ನಾ ಚನ್ನಬಸಮ್ಮ. ಇದರಾಗ ಅರ್ಧಾ ಹೆಸರ ಐತಿ. ಇದು ನಿಂದಲ್ಲ ಅಂತ ಹೇಳಿ ಆಪರೇಷನ್ ನಿಲ್ಸ್ಯಾರ!”

ವಿಜಯನಗರದ ನಮ್ಮ ರಕ್ತಪರೀಕ್ಷೆ ಲ್ಯಾಬಿನ ಕೌಂಟರ್ ಮೇಲೆ ಅಜ್ಜಿ ವರದಿ ಇಟ್ಟರು. ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಬೆಳಿಗ್ಗೆಯೇ ಮಗಳೊಂದಿಗೆ ಇಲ್ಲೇ ಹತ್ತಿರದ ಉಲ್ಲಾಳದಿಂದ ಆಸ್ಪತ್ರೆಗೆ ಬಂದಿದ್ದರಂತೆ. ಮಧ್ಯಾಹ್ನದೊಳಗೆ ಸರಿಯಾದ ವರದಿ ಕೊಡದಿದ್ದರೆ ಇನ್ನೊಂದು ತಿಂಗಳು ಕಾಯಬೇಕಿತ್ತು.

ವರದಿಯಲ್ಲಿ ‘ಚನ್ನಬಸ’ ಎಂದಷ್ಟೇ ಇತ್ತು. ಲ್ಯಾಬಿನ ಕಂಪ್ಯೂಟರ್ ನೋಡಿಕೊಳ್ಳುವವನು ನಾನೇ. ಕನ್ನಡದಲ್ಲಿ ಹೆಸರು ಮುದ್ರಿಸಲು ಶುರುಮಾಡಿ ವಾರವಾಗಿತ್ತು. ಹೆಸರಿನ ಕಾಲಂ ಉದ್ದ ಇಪ್ಪತ್ತು ಎಂದು ಪರದೆ ತೋರಿಸುತ್ತಿತ್ತು. ಇಪ್ಪತ್ತು ಅಕ್ಷರವೆಂದುಕೊಂಡು ನಾನು ಸುಮ್ಮನಿದ್ದೆ. ಆದರೆ ಅದು ಎಣಿಸುತ್ತಿದ್ದುದು ಬೈಟ್‌ಗಳನ್ನು, ಅಂದರೆ ಕಂಪ್ಯೂಟರ್ ಒಳಗೆ ಜಾಗ ಅಳೆಯುವ ಚಿಕ್ಕ ಅಳತೆಯನ್ನು. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಅಕ್ಷರ, ಕೊಂಬು, ಒತ್ತು ಪ್ರತಿಯೊಂದಕ್ಕೂ ಮೂರಾದರೂ ಬೇಕು. ಜಾಗ ಮುಗಿದು ‘ಮ್ಮ’ ಬಿದ್ದುಹೋಗಿತ್ತು.

“ಕೂತ್ಕೊಳ್ಳಿ ಅಜ್ಜಿ, ಈಗಲೇ ಸರಿ ಮಾಡ್ಕೊಡ್ತೀನಿ” ಎಂದೆ. ಅವರ ಅರ್ಜಿಯನ್ನೂ ರಕ್ತದ ಮಾದರಿಯ ಸಂಖ್ಯೆಯನ್ನೂ ತಾಳೆ ನೋಡಿ, ಕಾಲಂ ಹಿಗ್ಗಿಸಿ, ಪೂರ್ತಿ ಹೆಸರಿನ ವರದಿ ಮುದ್ರಿಸಿದೆ. ನಮ್ಮ ವೈದ್ಯರು ಸಹಿ ಹಾಕಿದರು. ಆಸ್ಪತ್ರೆಗೆ ಫೋನ್ ಮಾಡಿ, ತಪ್ಪು ನಮ್ಮದೇ ಎಂದು ಒಪ್ಪಿಕೊಂಡೆ.

ಸಂಜೆ ಮಗಳ ಫೋನ್ ಬಂತು. “ಆಪರೇಷನ್ ಚಲೋ ಆತ್ರಿ ಅಣ್ಣಾ, ಅವ್ವ ಚಾ ಕುಡ್ಯಾಕತ್ತಾಳ.”

ಆ ವಾರ ಅರ್ಧಕ್ಕೇ ನಿಂತಿದ್ದ ಉಳಿದ ಹೆಸರುಗಳನ್ನೆಲ್ಲ ಹುಡುಕಿ ಪೂರ್ತಿ ಮಾಡಿದ ಮೇಲೆಯೇ ನಾನು ಮನೆಗೆ ಹೊರಟೆ. ಮೆಟ್ರೊದಲ್ಲಿ ನಿಂತಿದ್ದಾಗ, ಇನ್ನೊಬ್ಬರು ಹೀಗೆ ಗಾಬರಿಯಲ್ಲಿ ಬರುವ ಮೊದಲೇ ಸರಿಹೋಯಿತಲ್ಲ ಎಂದು ಎದೆ ಹಗುರವಾಯಿತು.